‘ದಿ ಡಿಕ್ಟೇಟರ್’ (2012) ಮನೆಮಂದಿಯೆಲ್ಲ ಕೂತು ನೋಡೋ ಹಾಗಿದೆಯಾ?

ಪ್ರಶ್ನೆ:
ರಾಜಕೀಯ ವಿಡಂಬನೆ, ಸಖತ್ ನಗು ಅಂತಾರೆ. ಜೊತೇಲಿ 13ರ ಮಗಳು, ಅತ್ತೆ ಇರ್ತಾರೆ. ಮುಜುಗರದ ಸೀನ್ ಬಂದಾಗ ಮುಂದಕ್ಕೆ ಓಡಿಸಿದ್ರೆ ಸಾಕಾ?

ಉತ್ತರ 1:
ಸಾಕಾಗಲ್ಲ. ಅಮೆರಿಕದಲ್ಲಿ ಇದಕ್ಕೆ ‘ಆರ್’, ಅಂದ್ರೆ 17ರೊಳಗಿನವರು ಥಿಯೇಟರಿಗೆ ಹೋಗೋಕೂ ದೊಡ್ಡವರು ಜೊತೆಗಿರಬೇಕು, ಬ್ರಿಟನ್‌ನಲ್ಲಿ ‘15’, ಅಂದ್ರೆ 15 ತುಂಬಿದವರಿಗಷ್ಟೇ. ಬೆತ್ತಲೆ ದೃಶ್ಯ ದಾಟಿಸಬಹುದು, ಆದ್ರೆ ಅತ್ಯಾಚಾರ, ಯಹೂದಿ ದ್ವೇಷದ ಜೋಕುಗಳೆಲ್ಲ ಮಾತಿನಲ್ಲೇ ಬರ್ತವೆ. ಹೆರಿಗೆ ಸೀನಲ್ಲಿ ಹುಟ್ಟಿದ್ದು ಹೆಣ್ಣು ಅಂತ ಕಂಡ ಕೂಡಲೇ ಕಥಾನಾಯಕ, ಸರ್ವಾಧಿಕಾರಿ ಅಲದೀನ್ ಕಸದ ಡಬ್ಬಿ ಎಲ್ಲಿ ಅಂತ ಕೇಳ್ತಾನೆ. ಜೋಕಿನ ಗುರಿ ಅವನ ಕ್ರೌರ್ಯವೇ, ಆದ್ರೆ ಅತ್ತೆಯವರಿಗೆ ಅದನ್ನ ಬಿಡಿಸಿ ಹೇಳೋರು ಯಾರು?

ಉತ್ತರ 2:
ಯಾವ ಆವೃತ್ತಿ ಅಂತಲೂ ನೋಡ್ಕೊಳ್ಳಿ. ಥಿಯೇಟರಿನದು ಸುಮಾರು 83 ನಿಮಿಷ. ಡಿಸ್ಕಿನಲ್ಲಿ ಬಂದ ‘ಅನ್‌ರೇಟೆಡ್’ (ರೇಟಿಂಗ್ ಪಡೆಯದ) ಆವೃತ್ತಿ ಅದಕ್ಕಿಂತ ಉದ್ದ, ಹೊಲಸೂ ಜಾಸ್ತಿ. ಮೊದಲು ಸಿನಿಮಾ ಮಾಹಿತಿಯ ಜಾಲತಾಣ ಐಎಂಡಿಬಿಯ ‘ಪೇರೆಂಟ್ಸ್ ಗೈಡ್’ ತೆಗೆದು ಲೈಂಗಿಕತೆ, ಬೈಗುಳದ ವಿಭಾಗ ಓದಿ. ಅಲ್ಲಿ ಕಥೆಯ ಗುಟ್ಟೂ ಬಯಲಾಗತ್ತೆ, ಅಷ್ಟೇ. ಟ್ರೇಲರ್ ನಂಬಬೇಡಿ, ಅದರಲ್ಲಿ ಹಸಿ ಜೋಕೆಲ್ಲ ಸೋಸಿರ್ತಾರೆ.

ಉತ್ತರ 3:
ಹೆಲಿಕಾಪ್ಟರ್ ಸೀನ್ ಅರ್ಥ ಆಗ್ಬೇಕಂದ್ರೆ 2001ರ ಸೆಪ್ಟೆಂಬರ್ 11ರ (9/11) ಅಮೆರಿಕದ ವಿಮಾನ ದಾಳಿ ಗೊತ್ತಿರಬೇಕು: ಅಲದೀನ್, ಅವನ ಜೊತೆಗಾರ ಇಬ್ಬರೂ ಪೋರ್ಷೆ 911 ಕಾರಿನ ಬಗ್ಗೆ ಮಾತಾಡ್ತಿದ್ರೆ ಜೊತೆಗಿದ್ದ ಪ್ರವಾಸಿಗರು ದಾಳಿಯ ಮಾತು ಅಂದ್ಕೊಂಡು ನಡುಗ್ತಾರೆ. ವಿಡಂಬನೆಯ ತಿರುಳು ಅಲದೀನ್‌ನ ಕೊನೆಯ ಭಾಷಣ. ಅಮೆರಿಕ ಸರ್ವಾಧಿಕಾರ ಆಗಿದ್ರೆ ಫೋನ್ ಕದ್ದಾಲಿಸಬಹುದಿತ್ತು, 1% ಜನರಿಗೆ ಸಂಪತ್ತೆಲ್ಲ ಕೊಡಬಹುದಿತ್ತು ಅಂತ ಪಟ್ಟಿ ಮಾಡ್ತಾನೆ. ಅವೆಲ್ಲ ಅಲ್ಲಿ ಆಗಲೇ ನಡೀತಿವೆ ಅನ್ನೋದೇ ಕುಟುಕು. ಮಗಳಿಗೆ ಆ ಭಾಗ ಮಾತ್ರ ತೋರ್ಸಿ. ಅತ್ತೆಯವರನ್ನೂ ಕೂರಿಸಬೇಕಂದ್ರೆ ಚಾಪ್ಲಿನ್‌ನ 1940ರ ‘ದಿ ಗ್ರೇಟ್ ಡಿಕ್ಟೇಟರ್’ ಹಾಕಿ.