ಹೆತ್ತವರ ಗ್ರೀನ್ ಕಾರ್ಡ್ ಶುಲ್ಕವನ್ನು ಊರಿನಿಂದ ಕಟ್ಟುವುದು ಹೇಗೆ? ವಲಸೆ ವಕೀಲರೊಂದಿಗೆ ಪ್ರಶ್ನೋತ್ತರ

ಮೈಸೂರು: ನಮಸ್ಕಾರ ಸರ್. ಮಗಳು ಅಮೆರಿಕದ ಪ್ರಜೆ. ನಮ್ಮಿಬ್ಬರಿಗಾಗಿ ಅವಳು ಹಾಕಿದ ಅರ್ಜಿ ಮಂಜೂರಾಗಿ, ವೀಸಾ ಕಡತ ನೋಡುವ ಅಮೆರಿಕ ಸರ್ಕಾರದ ನ್ಯಾಷನಲ್ ವೀಸಾ ಸೆಂಟರ್‌ಗೆ ಬಂದಿದೆ. ಶುಲ್ಕವನ್ನು ನಮ್ಮ ಡೆಬಿಟ್ ಕಾರ್ಡಿನಲ್ಲಿ ಕಟ್ಟಬಹುದೇ?

ವಕೀಲ: ನಮಸ್ಕಾರ. ಆಗುವುದಿಲ್ಲ. ಅಲ್ಲಿ ಬೇಕಾಗಿರುವುದು ಅಮೆರಿಕದ ಬ್ಯಾಂಕಿನ ರೂಟಿಂಗ್ ಸಂಖ್ಯೆ (ಬ್ಯಾಂಕನ್ನು ಗುರುತಿಸುವ ಸಂಖ್ಯೆ) ಮತ್ತು ಖಾತೆ ಸಂಖ್ಯೆ. ಮಗಳೇ ಕಟ್ಟಲಿ. ನಿಮಗೊಂದು, ನಿಮ್ಮ ಮನೆಯವರಿಗೊಂದು ಪ್ರತ್ಯೇಕ ಕೇಸ್. ಒಂದೊಂದಕ್ಕೆ ಮಗಳ ಆರ್ಥಿಕ ಬೆಂಬಲ ಪತ್ರದ ಶುಲ್ಕ 120 ಮತ್ತು ವೀಸಾ ಅರ್ಜಿ ಶುಲ್ಕ 325, ಒಟ್ಟು 445 ಡಾಲರ್. ಎರಡು ಶುಲ್ಕಗಳನ್ನು ಒಟ್ಟಿಗೆ ಕಟ್ಟಲು ಬರುವುದಿಲ್ಲ.

ತುಮಕೂರು: ರುಪೇ ಕಾರ್ಡ್ ನಡೆಯುತ್ತದೆಯೇ ಸರ್?

ವಕೀಲ: ಇಲ್ಲ.

ಶಿವಮೊಗ್ಗ: ವಾಟ್ಸ್ಆ್ಯಪ್‌ನಲ್ಲಿ ಬಂದ ಸಂದೇಶ ನಂಬಿ ಒಬ್ಬ ಏಜೆಂಟರಿಗೆ ಯುಪಿಐ ಮೂಲಕ ರೂಪಾಯಿ ಕಳುಹಿಸಿದೆ, ಡಾಲರ್ ತಾವೇ ಕಟ್ಟುತ್ತೇವೆ ಎಂದಿದ್ದರು. ಅಮೆರಿಕದಲ್ಲಿರುವ ಮಗ ನಮಗಾಗಿ ಹಾಕಿದ ಅರ್ಜಿಯ ಕೇಸ್ ಸಂಖ್ಯೆ, ಇನ್‌ವಾಯ್ಸ್ ಸಂಖ್ಯೆ ಎರಡನ್ನೂ ಕೊಟ್ಟಿದ್ದೇನೆ. ಈಗಲೂ ಪಾವತಿಯಾಗಿಲ್ಲ ಎಂದೇ ತೋರಿಸುತ್ತಿದೆ.

ವಕೀಲ: ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಆ ಎರಡು ಸಂಖ್ಯೆಗಳು. ಕೇಸ್ ಸಂಖ್ಯೆಯ ಜೊತೆಗೆ ಇನ್‌ವಾಯ್ಸ್ ಸಂಖ್ಯೆಯೂ ಕೈಗೆ ಸಿಕ್ಕರೆ ಯಾರು ಬೇಕಾದರೂ ನಿಮ್ಮ ಆನ್‌ಲೈನ್ ಕಡತ ತೆರೆಯಬಹುದು. ಪಾಸ್‌ಪೋರ್ಟ್ ವಿವರ, ಮಗನ ತೆರಿಗೆ ಪತ್ರ ಎಲ್ಲ ಬಂದು ಸೇರುವುದು ಅಲ್ಲಿಗೇ. ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಸಂಪರ್ಕ ವಿಳಾಸ ಕೊಡುವ ಡಿಎಸ್-261 ನಮೂನೆಯಲ್ಲಿರುವ ಇ-ಮೇಲ್ ವಿಳಾಸ ಬದಲಾಗಿದೆಯೇ ಎಂದು ಮಗ ಇವತ್ತೇ ನೋಡಲಿ. ಬದಲಾಗಿದ್ದರೆ ವೀಸಾ ಸೆಂಟರ್‌ಗೆ ಬರೆಯಲಿ. ಶುಲ್ಕವನ್ನು ಅವನೇ ಕಟ್ಟಲಿ. ಕೆಲವು ಬ್ಯಾಂಕುಗಳಲ್ಲಿ ವೈರ್ ವರ್ಗಾವಣೆಯ ರೂಟಿಂಗ್ ಸಂಖ್ಯೆಯೇ ಬೇರೆ, ಅದನ್ನು ಹಾಕಿದರೆ ಪಾವತಿ ತಿರಸ್ಕೃತವಾಗಬಹುದು. ಚೆಕ್ಕಿನ ಎಡಗಡೆ ಕೆಳಗಿರುವ ಒಂಬತ್ತು ಅಂಕಿಗಳನ್ನು ನೋಡಿ ಬರೆಯಲಿ.

ಹುಬ್ಬಳ್ಳಿ: ಎನ್‌ಆರ್‌ಇ ಖಾತೆಯಿಂದ ನೇರವಾಗಿ ಕಟ್ಟಬಹುದು ಎಂಬ ಸಂದೇಶ ಬಂದಿದೆ, ಇಲ್ಲಿ ಹಾಕುತ್ತಿದ್ದೇನೆ.

ವಕೀಲ: ಹಾಕಬೇಡಿ. ಎನ್‌ಆರ್‌ಇ ಎಂಬುದು ಭಾರತದ ಬ್ಯಾಂಕಿನ ರೂಪಾಯಿ ಖಾತೆ. ಇಂತಹ ಸಂದೇಶ ಬರೆದವರು ಶುಲ್ಕ ಕಟ್ಟುವ ಪುಟವನ್ನು ಒಮ್ಮೆಯೂ ತೆರೆದಿರುವುದಿಲ್ಲ.



ದಾವಣಗೆರೆ: ಮಗ ಡಾಲರಿನಲ್ಲಿ ದುಡಿಯುತ್ತಿದ್ದರೂ ಅಪ್ಪ ಏಜೆಂಟರ ಬಾಗಿಲಿಗೆ ಹೋಗಬೇಕಾಯಿತೇ?

ಸನ್ನಿವೇಲ್ (ಅಮೆರಿಕ): ಮಾತು ಹಿಡಿತದಲ್ಲಿರಲಿ. ನಾನು ಕಟ್ಟುತ್ತೇನೆಂದರೆ ನಮ್ಮ ತಂದೆಯೇ ಒಪ್ಪುವುದಿಲ್ಲ, ಸ್ವಾಭಿಮಾನದ ಪ್ರಶ್ನೆ ಎನ್ನುತ್ತಾರೆ.

ದಾವಣಗೆರೆ: ಎಲ್ಲ ಮಕ್ಕಳೂ ಹೇಳುವುದು ಇದನ್ನೇ.

ಸನ್ನಿವೇಲ್: ನಿಮ್ಮ ಮನೆಯ ಲೆಕ್ಕವನ್ನು ನಾವು ಕೇಳಿದೆವೇ?

ಹಾಸನ: ವೀಸಾ ಬಂದ ಮೇಲೆ ಇನ್ನೂ 235 ಡಾಲರ್ ಕಟ್ಟಬೇಕಂತೆ. ಅದಕ್ಕೂ ಅಮೆರಿಕದ ಖಾತೆಯೇ ಬೇಕೇ?

ವಕೀಲ: ಬೇಡ. ಅದು ಬೇರೆ ಇಲಾಖೆಯದು, ಗ್ರೀನ್ ಕಾರ್ಡ್ ತಯಾರಿಸುವ ಶುಲ್ಕ, 2024ರ ಏಪ್ರಿಲ್‌ನಿಂದ ತಲಾ 235. ವೀಸಾ ಕಂಪನಿಯ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ನಡೆಯುತ್ತದೆ. ಅಂತರರಾಷ್ಟ್ರೀಯ ಬಳಕೆಗೆ ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲು ಅನುಮತಿ ಕೊಟ್ಟುಕೊಳ್ಳಿ. ಕಟ್ಟದಿದ್ದರೂ ವಿಮಾನ ಹತ್ತಬಹುದು, ಗ್ರೀನ್ ಕಾರ್ಡ್ ಮಾತ್ರ ಮನೆಗೆ ಬರುವುದಿಲ್ಲ.

ಮಂಡ್ಯ: ಹಾಗಾದರೆ ಆ 445ನ್ನೂ ಕಾರ್ಡಿನಲ್ಲೇ ಕಟ್ಟಬಹುದಲ್ಲವೇ?

ವಕೀಲ: ಮೇಲೆ ಓದಿ.

ದಾವಣಗೆರೆ: ವಕೀಲರಿಗೂ ಸ್ವಲ್ಪ ತಾಳ್ಮೆ ಇರಬೇಕು.

ವಕೀಲ: ಜಗಳವಾಡುವವರು ಬೇರೆಡೆ ಆಡಿಕೊಳ್ಳಿ. ಶಿವಮೊಗ್ಗದವರೇ, 1930ಕ್ಕೆ ಕರೆ ಮಾಡಿದಿರಾ ಇಲ್ಲವಾ?