ಸಹಾಯ ಬೇಕು: ಡಾಂಟೆ ತನ್ನ ಗುರುವನ್ನು ನರಕದಲ್ಲಿಟ್ಟಿದ್ದೇಕೆ?

ಎಲ್ಲರಿಗೂ ನಮಸ್ಕಾರ. ಇಟಲಿಯ ಕವಿ ಡಾಂಟೆ ತಾನೇ ಯಾತ್ರಿಕನಾಗಿ ಪರಲೋಕಗಳನ್ನು ಸುತ್ತುವ ಕಾವ್ಯ ‘ಡಿವೈನ್ ಕಾಮಿಡಿ’ಯ ನರಕಕಾಂಡವನ್ನು ಓದುತ್ತಿದ್ದೇನೆ. 34 ಸರ್ಗಗಳಲ್ಲಿ 15ನೆಯದಕ್ಕೆ ಬಂದು ಮುಂದೆ ಹೋಗಲಾರದೆ ನಿಂತಿದ್ದೇನೆ.

ಬೆಂಕಿಯ ಮಳೆ ಬೀಳುವ ಮರಳು ಬಯಲು. ಮುದಿ ದರ್ಜಿ ಸೂಜಿಯ ಕಣ್ಣನ್ನು ದಿಟ್ಟಿಸುವಂತೆ, ಒಂದು ಗುಂಪು ಹುಬ್ಬು ಗಂಟಿಕ್ಕಿ ಡಾಂಟೆಯನ್ನು ನೋಡುತ್ತದೆ. ಒಬ್ಬರು ಅವನ ಬಟ್ಟೆಯ ಅಂಚು ಹಿಡಿಯುತ್ತಾರೆ. ಮುಖ ಸುಟ್ಟಿದ್ದರೂ ಗುರುತು ಸಿಗುತ್ತದೆ: ಡಾಂಟೆಯ ಗುರು, ಫ್ಲಾರೆನ್ಸಿನ ವಿದ್ವಾಂಸ ಬ್ರುನೆಟ್ಟೊ ಲಾಟಿನಿ. ‘ನೀವು ಇಲ್ಲಿದ್ದೀರಾ?’ ಎನ್ನುತ್ತಾನೆ ಡಾಂಟೆ. ಮೂಲ ಇಟಾಲಿಯನ್‌ನಲ್ಲೂ ಅದು ಗೌರವದ ಬಹುವಚನವೇ. ನಾನು ಓದುತ್ತಿರುವ ಇಂಗ್ಲಿಷ್ ಅನುವಾದದಲ್ಲಿ ಆ ‘ನೀವು’ ಕಾಣುವುದೇ ಇಲ್ಲ. ಟಿಪ್ಪಣಿ ನೋಡಿ ತಿಳಿದಾಗ ಗಂಟಲು ಕಟ್ಟಿತು. ಮುಂದೆ ಅವರ ‘ತಂದೆಯಂಥ ಪ್ರೀತಿಯ ಮುಖ’ವನ್ನು ನೆನೆಯುತ್ತಾನೆ, ತಲೆಬಾಗಿ ಜೊತೆಯಲ್ಲಿ ನಡೆಯುತ್ತಾನೆ.

ಆದರೆ ಆ ಮುಖವನ್ನು ಸುಟ್ಟ ಕವಿಯೂ ಅವನೇ ಅಲ್ಲವೇ? ಕಥೆಯೊಳಗಿನ ಯಾತ್ರಿಕ ಮರುಗುತ್ತಾನೆ, ಬರೆಯುವ ಕವಿ ಶಿಕ್ಷಿಸುತ್ತಾನೆ ಎಂಬ ವಿವರಣೆ ನನಗೆ ಸಾಲುತ್ತಿಲ್ಲ. 1302ರಲ್ಲಿ ತನ್ನ ಊರು ಫ್ಲಾರೆನ್ಸಿನಿಂದ ಗಡೀಪಾರಾದ ಡಾಂಟೆಯ ನೋವೂ ಇಲ್ಲಿ ಸೇರಿದೆ ಎನಿಸುತ್ತದೆ. ಇದನ್ನು ಆಳವಾಗಿ ಓದಿದವರು ದಯವಿಟ್ಟು ತಿಳಿಸಿ.

ಇನ್ನೊಂದು ಸಹಾಯ: ‘ಕಾಂತ್ರಪಾಸ್ಸೊ’ (ಪಾಪಕ್ಕೆ ತಕ್ಕ ರೂಪದ ಶಿಕ್ಷೆ) ಎಂಬ ಇಟಾಲಿಯನ್ ಮಾತಿಗೆ ಕನ್ನಡ ಪದ ಬೇಕು. 28ನೇ ಸರ್ಗದಲ್ಲಿ ತಂದೆಯನ್ನೂ ಮಗನನ್ನೂ ಅಗಲಿಸಿದವನೊಬ್ಬ, ಕತ್ತರಿಸಿದ ತನ್ನ ತಲೆಯನ್ನೇ ಲಾಟೀನಿನಂತೆ ಹಿಡಿದು ಬರುತ್ತಾ ಆ ಮಾತನ್ನು ಆಡುತ್ತಾನೆ. ‘ಮಾಡಿದ್ದುಣ್ಣೋ ಮಹರಾಯ’ ಹತ್ತಿರ ಬರುತ್ತದೆ, ಆದರೆ ಪಾಪದ ರೂಪವನ್ನೇ ಶಿಕ್ಷೆ ತಾಳುವ ಅರ್ಥ ಅದರಲ್ಲಿಲ್ಲ. ‘ಪ್ರತಿಫಲ’ ತೀರಾ ಸಪ್ಪೆ. ಭಾನುವಾರ ನಮ್ಮ ಓದುಗರ ಕೂಟದಲ್ಲಿ ಈ ಭಾಗದ ಬಗ್ಗೆ ಮಾತನಾಡಬೇಕಿದೆ, ಅದಕ್ಕೆ ಮೊದಲು ಉತ್ತರ ಸಿಕ್ಕರೆ ಉಪಕಾರವಾಗುತ್ತದೆ.