ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ತೆರೆದೇ ಉಳಿದ ವಾಟ್ಸ್‌ಆ್ಯಪ್

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ):
ಒಂಬತ್ತನೆಯ ತರಗತಿಗೆ ಡಿಜಿಟಲ್ ಪೌರತ್ವದ (ಫೋನ್, ಅಂತರ್ಜಾಲವನ್ನು ಜವಾಬ್ದಾರಿಯಿಂದ ಬಳಸುವುದರ) ಪಾಠ ಮಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ನನ್ನ ಖಾಸಗಿತನವೇ ಬೀದಿಗೆ ಬಿದ್ದಿರುವಾಗ ಮಕ್ಕಳಿಗೆ ಏನು ಹೇಳಲಿ? ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರುವುದು ನನ್ನ ಸ್ವಂತ ನಂಬರ್. ರಾತ್ರಿ 11 ಗಂಟೆಗೂ ಹೋಮ್‌ವರ್ಕ್ ಕೇಳಿಕೊಂಡು ಕರೆ ಬರುತ್ತದೆ. ಕಳೆದ ವಾರ ಯಾರೋ ನನ್ನ ಪ್ರೊಫೈಲ್ ಚಿತ್ರವನ್ನು ಸ್ಟಿಕ್ಕರ್ ಮಾಡಿ ಹಂಚಿದ್ದಾರೆ. ಎಲ್ಲ ಖಾತೆಗಳನ್ನೂ ಅಳಿಸಿ ನೆಮ್ಮದಿಯಾಗಿರೋಣ ಎನ್ನಿಸುತ್ತಿದೆ ಸರ್.

ಉತ್ತರ (ಶಾಲೆಗಳ ಕಂಪ್ಯೂಟರ್ ಸುರಕ್ಷತೆ ನೋಡಿಕೊಳ್ಳುವವನು):
ಅಳಿಸಬೇಡಿ ಮೇಡಂ. ನೀವು ಖಾತೆ ಮುಚ್ಚಿದರೂ ಸ್ಟಿಕ್ಕರ್ ಬೇರೆಯವರ ಫೋನಿನಲ್ಲಿ ಇದ್ದೇ ಇರುತ್ತದೆ. ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ ಬರೆದಿಟ್ಟು, ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಿ. ಪ್ರೊಫೈಲ್ ಚಿತ್ರ ನಿಮ್ಮ ಸಂಪರ್ಕಪಟ್ಟಿಯಲ್ಲಿರುವವರಿಗೆ ಮಾತ್ರ ಕಾಣುವಂತೆ ಮಾಡಿ. ಆದರೆ ಪೋಷಕರ ನಂಬರುಗಳನ್ನು ನೀವೇ ಸೇವ್ ಮಾಡಿಕೊಂಡಿದ್ದರೆ ಅವರಿಗೂ ಅದು ಕಾಣುತ್ತದೆ. ಬಹಳ ಜನ ಎಡವುವುದು ಇಲ್ಲೇ.

ನಂಬರಿಗೆ ಪರಿಹಾರ ಎಂದರೆ ಶಾಲೆಗೆಂದೇ ಇನ್ನೊಂದು ಸಿಮ್. ಒಂದೇ ಆ್ಯಂಡ್ರಾಯ್ಡ್ ಫೋನಿನಲ್ಲಿ ಎರಡು ವಾಟ್ಸ್‌ಆ್ಯಪ್ ಖಾತೆ ಇಟ್ಟುಕೊಳ್ಳುವ ಸೌಲಭ್ಯ 2023ರಲ್ಲೇ ಬಂದಿದೆ. ಆ ಸಿಮ್ಮನ್ನು ಸಂಜೆ ಆಫ್ ಮಾಡುವುದು ಅಸಭ್ಯತೆಯಲ್ಲ. ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿದರೆ ಅರ್ಧ ಗದ್ದಲ ಅಲ್ಲೇ ನಿಲ್ಲುತ್ತದೆ.

ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ವಾಟ್ಸ್‌ಆ್ಯಪ್ ತೆರೆದ ಮೇಲೆ ನೀವು ಲಾಗ್‌ಔಟ್ ಮಾಡಿದ್ದು ನೆನಪಿದೆಯೇ? ಬ್ರೌಸರ್ ಮುಚ್ಚಿದರೆ ಸಾಲದು. ನೀವು ಫೋನ್ ಬಳಸುತ್ತಿರುವವರೆಗೂ ಆ ಕೊಂಡಿ ಉಳಿಯಬಹುದು, ನಿಮ್ಮ ಫೋನ್ ಮನೆಯಲ್ಲಿದ್ದರೂ ಸಂದೇಶಗಳು ಅಲ್ಲಿಗೆ ಹೋಗುತ್ತಲೇ ಇರುತ್ತವೆ. ವಾಟ್ಸ್‌ಆ್ಯಪ್‌ನ ಮೆನು ಅಥವಾ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ (ನಿಮ್ಮ ಖಾತೆ ತೆರೆದಿರುವ ಕಂಪ್ಯೂಟರುಗಳ ಪಟ್ಟಿ) ಒತ್ತಿ ನೋಡಿ. ಹಾಗೆಯೇ ನಿಮ್ಮ ಖಾತೆಯನ್ನು ಬೇರೆ ಫೋನಿನಲ್ಲಿ ತೆರೆಯಹೊರಟರೆ ಕೇಳುವ 6 ಅಂಕಿಯ ಎರಡು ಹಂತದ ಪಿನ್ ಹಾಕಿಕೊಳ್ಳಿ. ಜನ್ಮದಿನಾಂಕ ಬೇಡ, ಅದು ಇಡೀ ಶಾಲೆಗೆ ಗೊತ್ತಿರುತ್ತದೆ.

ಮತ್ತೊಬ್ಬ ಶಿಕ್ಷಕರು:
ಸರ್, ನಮ್ಮಲ್ಲಿ ಕಿರುಪರೀಕ್ಷೆಯ ಅಂಕಪಟ್ಟಿಯನ್ನು ಗೂಗಲ್ ಶೀಟಿನಲ್ಲಿ ಹಾಕಿ, ಲಿಂಕನ್ನು ಪೋಷಕರ ಗುಂಪಿಗೆ ಕಳುಹಿಸುತ್ತೇವೆ. ಅನುಕೂಲವಾಗಿದೆ. ಇದರಲ್ಲೇನಾದರೂ ತೊಂದರೆ ಉಂಟೇ?

ಉತ್ತರ:
ಉಂಟು. ‘ಲಿಂಕ್ ಇರುವ ಯಾರಾದರೂ’ ಎಂದು ಹಂಚಿದ ಹಾಳೆ, ಲಿಂಕ್ ಎಲ್ಲಿಗೆ ಹೋದರೂ ತೆರೆದುಕೊಳ್ಳುತ್ತದೆ. ಕೆಳಗಿನ ಎರಡನೆಯ ಟ್ಯಾಬ್‌ನಲ್ಲಿ ಮಕ್ಕಳ ಜನ್ಮದಿನಾಂಕವೋ ತಂದೆಯ ನಂಬರೋ ಇದ್ದರೆ ಅದೂ ಹೊರಗೆ ಬಿದ್ದಂತೆ. ಟ್ಯಾಬ್ ಮರೆಮಾಡಿದರೂ ಭದ್ರವಲ್ಲ, ಹಾಳೆಯ ಪ್ರತಿ ಮಾಡಿಕೊಂಡವರು ಅದನ್ನು ತೆರೆಯಬಹುದು. 50ಕ್ಕೆ 9 ಬಂದ ಹುಡುಗನ ಸಂಕಟವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಮ್ಮ ನಂಬರ್ ಹೊರಗೆ ಹೋದರೆ ಉರಿದು ಬೀಳುವ ನಾವು ಅವನ ಅಂಕವನ್ನು ನಲವತ್ತು ಮನೆಗಳಿಗೆ ಹಂಚುತ್ತೇವೆ. ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ತಿಳಿಸಿ. ಶ್ರಮ ಜಾಸ್ತಿ, ಒಪ್ಪುತ್ತೇನೆ.

ಅದೇ ಶಿಕ್ಷಕರು:
ಕಾರ್ಯಕ್ರಮದ ಚಿತ್ರಗಳು?

ಉತ್ತರ:
ಪೋಷಕರ ಒಪ್ಪಿಗೆ ಪಡೆಯಿರಿ, ಮುಖದ ಜೊತೆ ಪೂರ್ಣ ಹೆಸರು ಹಾಕಬೇಡಿ. ಕ್ಯಾಮೆರಾದ ಲೊಕೇಶನ್ ಆಯ್ಕೆ ಆಫ್ ಇರಲಿ. ಅದು ಆನ್ ಇದ್ದಾಗ ತೆಗೆದ ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ, ಅದನ್ನು ತೆಗೆದ ಜಾಗದ ಗುರುತೂ ಜೊತೆಗೆ ಹೋಗುತ್ತದೆ.

ಮೊದಲು ಪ್ರಶ್ನೆ ಕೇಳಿದವರು:
ಸರ್, ಈಗ ತಾನೇ ನೋಡಿದೆ. ಮೂರು ಕಂಪ್ಯೂಟರುಗಳಿವೆ. ಒಂದು ಸ್ಟಾಫ್ ರೂಮಿನದು, ಒಂದು ನನ್ನ ಲ್ಯಾಪ್‌ಟಾಪ್. ಮೂರನೆಯದು ಯಾವುದೆಂದು ಹೊಳೆಯುತ್ತಿಲ್ಲ. ಮೂರನ್ನೂ ಲಾಗ್‌ಔಟ್ ಮಾಡಿದ್ದೇನೆ. ಒಂಬತ್ತನೆಯ ತರಗತಿಯ ಪಾಠವನ್ನು ಇಲ್ಲಿಂದಲೇ ಶುರು ಮಾಡುತ್ತೇನೆ.